ರೀಲಿನ ಫೋಟೋ, ಫೋನಿನ ಫೋಟೋ: ಹಂಪಿಯಿಂದ ನಮ್ಮನೆ ಗ್ವಾಡೆವರೆಗೆ

ಮದುವೆ ಆಲ್ಬಮ್ ತೆಗೆದ್ರೆ ಸಾಕು, ನಮ್ಮ ಮನ್ಯಾಗ ಎರಡು ಪಾರ್ಟಿ ಆಗ್ತವೆ. ಅತ್ತೆ, ದೊಡ್ಡಮ್ಮ, ಅವರ ವಾರಗೆಯವರೆಲ್ಲ "ರೀಲಿನ ಫೋಟೋದಾಗಿದ್ದ ಕಳೆ ಈಗಿನದ್ರಾಗ ಎಲ್ಲೈತೆ?" ಅಂತಾರೆ. ತಂಗಿ ಮಕ್ಕಳು, ಹೊಸ ಸೊಸೆಯಂದಿರು ಫೋನಿನ ಮೇಲೆ ಎರಡು ಬೆರಳಿಟ್ಟು ಅಗಲ ಮಾಡಿ, "ನೋಡ್ರಿ, ಮೂಗುಬೊಟ್ಟಿನ ಹರಳು ಸೈತ ಕಾಣ್ತೈತೆ. ನಿಮ್ಮ ರೀಲಿನಾಗ ಮುಖಾನೇ ಮಬ್ಬು" ಅಂತಾರೆ. ಎರಡೂ ಕಡೆಯವರು ಹೇಳೋದ್ರಾಗ ನಿಜ ಐತೆ. ಆದ್ರೆ ಚೆಂದ ಅಂದ್ರೆ ಏನು, ಸ್ಪಷ್ಟ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳಂಗಿಲ್ಲ. ನಮ್ಮ ಎಮ್ಮಿಗನೂರಿಗೆ ಹತ್ತಿರದ ಹಂಪಿಯಾಗೇ 1856ರಷ್ಟು ಹಿಂದೆ ಫೋಟೋ ತೆಗೆದಾರೆ. ಅಲ್ಲಿಂದ ಹಿಡ್ಕೊಂಡು ಬಂದ್ರೆ ಈ ಜಗಳಕ್ಕೆ ಒಂದು ದಾರಿ ಸಿಗಬಹುದು ಅಂತ ಬರೆಯಾಕ ಕುಂತೀನಿ. ಸ್ವಲ್ಪ ಉದ್ದ ಆಗ್ತೈತೆ, ಅನ್ನಕ್ಕಿಟ್ಟು ಬಂದು ಓದ್ರಿ.

ಮೊದಲು 50 ರೂಪಾಯಿ ನೋಟು ತೆಗೀರಿ, 2017ರಾಗ ಬಂದ ನೀಲಿ ನೋಟು. ಅದರ ಹಿಂದುಗಡೆ ವಿಠ್ಠಲ ದೇವಸ್ಥಾನದ ಕಲ್ಲಿನ ತೇರು ಐತೆ. ನಾವೆಲ್ಲ ಎಷ್ಟು ಸಲ ಅದರ ಮುಂದೆ ನಿಂತು ಫೋಟೋ ಹೊಡೆಸ್ಕೊಂಡಿಲ್ಲ! ತೇರಿನ ತಲೆ ನೋಡ್ರಿ, ಸಪಾಟು. ಊರ ತೇರಿಗೆ ಮೇಲೆ ಗೋಪುರದಂಗೆ ಕಟ್ಟಿ, ಬಾವುಟ ಹಚ್ಚಿ, ಕಳಸ ಇಡ್ತೀವಲ್ಲ, ಇದಕ್ಕೆ ಯಾಕಿಲ್ಲ ಅಂತ ಯಾವತ್ತಾದ್ರೂ ಅನಿಸೈತಾ? ಇತ್ತು. ಇಟ್ಟಿಗೆ, ಗಾರೆಯಲ್ಲಿ ಕಟ್ಟಿದ ಶಿಖರ ಅದರ ಮೇಲಿತ್ತು. ಈಗಿಲ್ಲ. ಇತ್ತು ಅನ್ನೋದನ್ನ ಕಣ್ಣಿಗೆ ತೋರಿಸೋದು 1856ರ ಫೋಟೋ.

ಆ ಫೋಟೋ ತೆಗೆದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸ್ ಸೈನ್ಯದ ಅಧಿಕಾರಿ. ಆಗ ನಮ್ಮ ಬಳ್ಳಾರಿ ಸೀಮೆಯೆಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದಿದ್ದು 1953ರಾಗ. ಆತ ಹಂಪಿಯ ಗುಡಿ, ಗೋಪುರ, ಮಂಟಪ ಅಂತ ಸುಮಾರು ಅರವತ್ತು ಫೋಟೋ ತೆಗೆದ. ಆತನ ಕ್ಯಾಮೆರಾದಾಗ ಗಾಜೂ ಇರಲಿಲ್ಲ, ರೀಲೂ ಇರಲಿಲ್ಲ, ಇದ್ದದ್ದು ಕಾಗದ. ಹೌದು, ನೆಗೆಟಿವ್ ಅನ್ನೋದೇ ಕಾಗದದ್ದು.

ಅದು ಹೆಂಗೆ ಅಂದ್ರೆ, ಮಿರ್ಚಿ ಕಟ್ಟಿಕೊಟ್ಟ ಪೇಪರ್ ನೋಡೀರಲ್ಲ, ಎಣ್ಣೆ ಹಿಡಿದ ಕಡೆ ಆಚೆಗಿನ ಬೆಳಕು ಕಾಣ್ತೈತೆ. ಆ ಉಪಾಯವೇ ಇದು. ಒಳ್ಳೆ ತೆಳು ಕಾಗದಕ್ಕೆ ಜೇನುಮೇಣ ಕರಗಿಸಿ ಕುಡಿಸ್ತಿದ್ರು. ಆಮೇಲೆ ಬೆಳ್ಳಿಯ ಉಪ್ಪು ಹಿಡಿಸ್ತಿದ್ರು. ಬೆಳಕು ಬಿದ್ದ ಕಡೆ ಆ ಬೆಳ್ಳಿ ಕಪ್ಪಾಗ್ತೈತೆ. ಅದನ್ನ ತೊಳೆದು ನಿಲ್ಲಿಸಿ, ಇನ್ನೊಂದು ಕಾಗದದ ಮೇಲೆ ಒತ್ತಿ ಬಿಸಿಲಿಗಿಟ್ರೆ ಫೋಟೋ. ಮೇಣದ ಕಾಗದದ ಈ ಪದ್ಧತಿಯನ್ನ 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತಿಳಿಸಿಕೊಟ್ಟ. ಅದೇ ಕಾಲಕ್ಕೆ ಗಾಜಿನ ಮೇಲೆ ಹಸಿ ಲೇಪ ಬಳಿದು ತೆಗೆಯೋದೂ ಬಂದಿತ್ತು, ಅದರಾಗ ಚಿತ್ರ ಇನ್ನೂ ಚೊಕ್ಕ ಬರ್ತಿತ್ತು. ಆದ್ರೆ ಆ ಲೇಪ ಒಣಗೋದ್ರೊಳಗೆ ಎಲ್ಲಾ ಮುಗಿಸಬೇಕು. ನಮ್ಮ ಸೀಮೆಯ ಬಿಸಿಲಿಗೆ ಹಂಪಿ ಬಂಡೆ ಮೇಲೆ ಹಪ್ಪಳ ಹಾಕಿದ್ರೆ ಎಷ್ಟೊತ್ತಿಗೆ ಒಣಗ್ತಾವೆ ನಿಮಗೆ ಗೊತ್ತಲ್ಲ! ಮೇಣದ ಕಾಗದ ಆದ್ರೆ ಮುಂಚೇನೇ ತಯಾರು ಮಾಡಿಟ್ಕೊಂಡು, ಗಾಡಿಯಾಗ ಹಾಕ್ಕೊಂಡು ಹೋಗಬಹುದಿತ್ತು.

ಈಗ ಆ ಫೋಟೋದ ಗುಣ ನೋಡೋಣ. ನಮ್ಮ ಸೊಸೆಯಂದಿರ ಲೆಕ್ಕದಾಗ ಅದು ಫೇಲು. ಆಕಾಶ ಬರೀ ಬಿಳಿ, ಒಂದು ಮೋಡ ಇಲ್ಲ. ಆ ಕಾಲದ ಬೆಳ್ಳಿ ಉಪ್ಪು ನೀಲಿ ಬೆಳಕಿಗೇ ಹೆಚ್ಚು ಮಣೀತಿತ್ತು, ಹಂಗಾಗಿ ನೀಲಿ ಆಕಾಶವೆಲ್ಲ ತುಂಬಿ ಬೆಳ್ಳಗಾಗ್ತಿತ್ತು. ಜನ ಇಲ್ಲವೇ ಇಲ್ಲ ಅನ್ನಬೇಕು. ಕ್ಯಾಮೆರಾದ ಬಾಯಿ ನಿಮಿಷಗಟ್ಟಲೆ ತೆರೆದಿಡಬೇಕಿತ್ತು, ಅಷ್ಟರಾಗ ನಡೆದು ಹೋದವರು ಕಾಗದದ ಮೇಲೆ ನಿಲ್ತಿರಲಿಲ್ಲ. ಮರದ ಎಲೆ ಗಾಳಿಗೆ ಆಡಿ ಮಬ್ಬು. ಜತೆಗೆ ಕಾಗದದ ನಾರು ಎಲ್ಲಾ ಕಡೆ ನವಿರಾಗಿ ಕಾಣ್ತೈತೆ.

ಆದರೂ ತೇರಿನ ಮೇಲಿನ ಶಿಖರ ಇಟ್ಟಿಗೆಯದು ಅಂತ ಹೇಳಾಕ ಬರ್ತೈತೆ. ಯಾಕೆ? ಕಾಗದದ ಅಳತೆಯಿಂದ. ಆತನ ನೆಗೆಟಿವ್ ಹೆಚ್ಚುಕಡಿಮೆ 16 ಇಂಚಿಗೆ 18 ಇಂಚು, ನಾವು ಅಕ್ಕಿ ಕೇರೋ ಮೊರದಷ್ಟು. ಅದನ್ನ ಹಿಗ್ಗಿಸೋ ಕೆಲಸವೇ ಇಲ್ಲ, ಇದ್ದಷ್ಟೇ ಅಳತೆಗೆ ಒತ್ತಿ ತೆಗೆದದ್ದು. ಹಿಗ್ಗಿಸದೇ ಇದ್ದಾಗ ಸಣ್ಣ ದೋಷ ಸಣ್ಣದಾಗೇ ಉಳೀತೈತೆ.

ಈ ಅಳತೆ ಮಾತು ನೆನಪಿಟ್ಕೊಳ್ರಿ, ಮುಂದಕ್ಕೆಲ್ಲ ಇದೇ ಬರ್ತೈತೆ. ಗ್ರೀನ್‌ಲಾನ ಕಾಗದ ಮೊರದಷ್ಟು. ನಮ್ಮ ಕಾಲದ ರೀಲಿನ ಒಂದು ನೆಗೆಟಿವ್ 24 ಮಿಲಿಮೀಟರ್‌ಗೆ 36 ಮಿಲಿಮೀಟರ್, ಕಡ್ಡಿಪೆಟ್ಟಿಗೆಗಿಂತ ಚಿಕ್ಕದು. ಮೊರದ ಮೇಲೆ ಅಂಥಾವು ಇನ್ನೂರಕ್ಕೂ ಹೆಚ್ಚು ಹರಡಬಹುದು. ಮೊದಮೊದಲು ಮನೆಗಳಿಗೆ ಬಂದ ಸಣ್ಣ ಡಿಜಿಟಲ್ ಕ್ಯಾಮೆರಾದಾಗ ಬೆಳಕು ಹಿಡಿಯೋ ಸೆನ್ಸರ್ ಒಂದು ತೊಗರಿಬೇಳೆಯಷ್ಟು. ಈಗಿನ ಒಳ್ಳೆ ಫೋನಿನಾಗ ಕಡಲೆಕಾಳಿನಷ್ಟು ಇರಬಹುದು. ಬೇಳೆಯಷ್ಟು ಜಾಗದಾಗ ಬಿದ್ದ ಬೆಳಕಿನಿಂದ ಮೂಗುಬೊಟ್ಟಿನ ಹರಳು ಕಾಣಿಸ್ತೈತೆ ಅಂದ್ರೆ ಅದು ಸಣ್ಣ ಸಾಧನೆ ಅಲ್ಲ ಬಿಡ್ರಿ, ಅದನ್ನ ಒಪ್ಪಬೇಕು.

ರೀಲು, ಡಿಜಿಟಲ್ ಎರಡರ ಚಿತ್ರಾನೂ ಚುಕ್ಕಿಯಿಂದಲೇ ಆಗೋದು. ಚುಕ್ಕಿಯ ರೀತಿ ಬೇರೆ. ಬಾಗಿಲ ಮುಂದೆ ರಂಗೋಲಿ ಪುಡಿ ಜರಡಿಯಿಂದ ಉದುರಿಸಿದ್ರೆ ಕಾಳು ಎಲ್ಲಿ ಬೇಕಲ್ಲಿ ಬೀಳ್ತಾವೆ, ಒಂದರ ಮೇಲೊಂದು, ಒಂದು ದಪ್ಪ ಒಂದು ಸಣ್ಣ. ರೀಲಿನ ಬೆಳ್ಳಿ ಕಾಳು ಹಂಗೆ. ಡಿಜಿಟಲ್ ಅಂದ್ರೆ ಚುಕ್ಕಿ ರಂಗೋಲಿ: ಸಾಲು ಸಾಲಾಗಿ ಅಳೆದಿಟ್ಟ ಚುಕ್ಕಿ. ಪುಡಿ ಉದುರಿಸಿದ ರಂಗೋಲಿ ಹತ್ತಿರದಿಂದ ತರಿತರಿ ಕಂಡರೂ ಕಣ್ಣಿಗೆ ಹಿತ. ಚುಕ್ಕಿ ರಂಗೋಲಿ ಅಚ್ಚುಕಟ್ಟು, ಆದ್ರೆ ಚುಕ್ಕಿ ಕಡಿಮೆ ಆದ್ರೆ ಮೆಟ್ಟಿಲು ಮೆಟ್ಟಿಲಾಗಿ ಕಾಣ್ತೈತೆ. ಅತ್ತೆ "ಕಳೆ" ಅನ್ನೋದ್ರಾಗ ಅರ್ಧ ಪಾಲು ಈ ಉದುರಿಸಿದ ಪುಡಿಯ ಗುಣ. ಇನ್ನರ್ಧ, ಫೋಟೋದಾಗ ಆಕೆಗೆ ಇಪ್ಪತ್ತು ವರ್ಷ ಅನ್ನೋದು!

ಇನ್ನೊಂದು ವಿಷಯ ಐತೆ. ಡಿಜಿಟಲ್ ಕ್ಯಾಮೆರಾದ ಒಂದೊಂದು ಚುಕ್ಕಿಗೂ ಒಂದೇ ಬಣ್ಣ ಕಾಣೋದು. ಅರ್ಧದಷ್ಟು ಚುಕ್ಕಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಕಾಲುಭಾಗಕ್ಕೆ ನೀಲಿ. ಉಳಿದ ಬಣ್ಣ ಎಷ್ಟಿತ್ತು ಅಂತ ಪಕ್ಕದ ಚುಕ್ಕಿ ನೋಡಿ ಲೆಕ್ಕ ಹಾಕ್ತೈತೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ಇವತ್ತಿಗೂ ಹೆಚ್ಚಿನ ಫೋನುಗಳಲ್ಲಿ ಇದರದ್ದೇ ಬಳಗ. ರೇಷ್ಮೆ ಸೀರೆಯ ಸಣ್ಣ ಚೌಕಳಿ ಮೇಲೆ ಒಮ್ಮೊಮ್ಮೆ ಇಲ್ಲದ ಬಣ್ಣದ ಅಲೆ ಅಲೆ ಕಾಣ್ತೈತೆ ನೋಡ್ರಿ, ಅದು ಈ ಲೆಕ್ಕ ತಪ್ಪಿದ ಗುರುತು. ಸೀರೆ ಅಂಗಡಿಯವರನ್ನ ಬೈಬೇಡ್ರಿ.

ಮತ್ತೆ ಹಂಪಿಗೆ ಬರ್ತೀನಿ. 1980ರ ದಶಕದಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ಅಂತ ಇಬ್ಬರು ವಿದ್ವಾಂಸರು ವರ್ಷವರ್ಷ ಹಂಪಿಗೆ ಬಂದು ಒಂದೊಂದು ಗ್ವಾಡೆ, ಒಂದೊಂದು ಕಟ್ಟೆ ಅಳೆದು ನಕ್ಷೆ ಮಾಡಿದ್ರು. ಅವರ ಜತೆ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಬಂದಿದ್ದ. ಆತ ಗ್ರೀನ್‌ಲಾ ಎಲ್ಲೆಲ್ಲಿ ಕ್ಯಾಮೆರಾ ಇಟ್ಟಿದ್ನೋ ಆ ಜಾಗ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು 2008ರಲ್ಲಿ ಮಿಷೆಲ್ ಸಂಪಾದಿಸಿದ ಪುಸ್ತಕ ಬಂತು, "ವಿಜಯನಗರ: ಸ್ಪ್ಲೆಂಡರ್ ಇನ್ ರೂಯಿನ್ಸ್" ಅಂತ. ಗ್ರೀನ್‌ಲಾನ ನೆಗೆಟಿವ್‌ಗಳು ಈಗ ಅಲ್ಕಾಝಿ ಸಂಗ್ರಹದಾಗ ಅದಾವೆ.

ಹಂಗೆ ಜೋಡಿ ಮಾಡಿ ನೋಡಿದಾಗ ಎರಡನೆಯದು ಸ್ಪಷ್ಟ, ಅದರಾಗ ಮಾತಿಲ್ಲ. ಆಕಾಶ ಐತೆ, ನೆರಳಿನೊಳಗಿನ ಕಲ್ಲೂ ಕಾಣ್ತೈತೆ. ಆದ್ರೆ ತೇರಿನ ಶಿಖರ ಅದರಾಗ ಸಿಗಂಗಿಲ್ಲ. ಎಷ್ಟು ಕೋಟಿ ಚುಕ್ಕಿಯ ಕ್ಯಾಮೆರಾ ತಂದ್ರೂ ಸಿಗಂಗಿಲ್ಲ. ನಾನು ಯಾವ ಫೋಟೋ ಒಳ್ಳೇದು ಅಂತ ಕೇಳೋ ಮುಂಚೆ, ಆ ಫೋಟೋವನ್ನ ನಾಳೆ ಏನು ಕೇಳಬೇಕಾಗ್ತೈತೆ ಅಂತ ಯೋಚಿಸಾಕ ಹತ್ತಿದ್ದು ಇದರಿಂದಲೇ.

ಇನ್ನು ನಮ್ಮ ಮನೆಗಳ ಕಡೆ ಬರೋಣ. ನಮ್ಮ ಹಿರಿಯರ ಕಪ್ಪುಬಿಳುಪು ಫೋಟೋ ಹೊಸಪೇಟೆ, ಬಳ್ಳಾರಿ, ಕಂಪ್ಲಿ ಸ್ಟುಡಿಯೋಗಳಾಗ ತೆಗೆಸಿದ್ದು. ಪರದೆ ಮೇಲೆ ಬರೆದ ಮಹಡಿ ಮನೆ, ಪಕ್ಕಕ್ಕೊಂದು ಹೂದಾನಿ, ಅಜ್ಜ ಕುರ್ಚಿ ಮೇಲೆ, ಅಜ್ಜಿ ನಿಂತು, ಇಬ್ಬರ ಮುಖದಾಗೂ ಸಿಟ್ಟು. ಆ ಸ್ಟುಡಿಯೋದವರ ಹತ್ರ ಇದ್ದ ಕ್ಯಾಮೆರಾಗಳು ಹೆಚ್ಚಿನವು ಮೇಲಿಂದ ಬಗ್ಗಿ ನೋಡೋ ಎರಡು ಕಣ್ಣಿನವು, ಯಾಷಿಕಾ ಅಂಥಾವು. ಅದರ ನೆಗೆಟಿವ್ ಸುಮಾರು 6 ಸೆಂಟಿಮೀಟರ್ ಚೌಕ. ಕಡ್ಡಿಪೆಟ್ಟಿಗೆ ರೀಲಿಗಿಂತ ಮೂರೂವರೆ ಪಟ್ಟು ದೊಡ್ಡದು. ನಮ್ಮ ದೇಶದ್ದೇ ಫಿಲ್ಮ್ ಸೈತ ಇತ್ತು: ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ "ಇಂದು".

ಕಲರ್ ಬಂದ ಮೇಲೆ ಏನಾಯ್ತು? 36 ಫೋಟೋದ ರೀಲು, ಮದುವೆಗೆ ಮೂರೋ ನಾಲ್ಕೋ ರೀಲು. ಫೋಟೋದವರು ತೂಕ ಹಾಕಿ ಹೊಡೀತಿದ್ರು: ಅರಿಶಿಣಕ್ಕೆ ನಾಲ್ಕು, ತಾಳಿಗೆ ಆರು, ಬೀಗರ ಜತೆಗೆ ಎರಡು. ಆಗ ತೆಗೆದ ಕಲರ್ ಫೋಟೋ ಇವತ್ತು ತೆಗೆದು ನೋಡ್ರಿ, ಬಹಳಷ್ಟು ಮನೆಗಳಾಗ ಕೆಂಪಗಾಗ್ಯಾವೆ. ಕಲರ್ ಫೋಟೋದಾಗ ಬೆಳ್ಳಿ ಉಳಿಯಂಗಿಲ್ಲ. ಉಳಿಯೋದು ಮೂರು ಪದರ ಬಣ್ಣ. ಆ ಕಾಲದ ಕಾಗದದಾಗ ಹಸಿರು ಮಿಶ್ರಿತ ನೀಲಿ ಬಣ್ಣ ಮೊದಲು ಹಾರಿ ಹೋಗ್ತೈತೆ, ಕತ್ತಲ ಟ್ರಂಕಿನಾಗ ಇಟ್ರೂ ಬಿಡಂಗಿಲ್ಲ. ಉಳಿದದ್ದು ಕೆಂಪು, ಹಳದಿ. ಅಜ್ಜನ ಕಪ್ಪುಬಿಳುಪು ಅರವತ್ತು ವರ್ಷಕ್ಕೂ ಗಟ್ಟಿ ನಿಂತು, ಮಗನ ಕಲರ್ ಮೂವತ್ತಕ್ಕೇ ಮುಪ್ಪಾಗೋದು ಹಿಂಗೆ. ರೀಲಿನ ಪಾರ್ಟಿಯವರು ಇದನ್ನ ಯಾಕೋ ಹೇಳಂಗಿಲ್ಲ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಮಾತೊಂದು ಇಲ್ಲೇ ಹೇಳಿಬಿಡ್ತೀನಿ. ನಮ್ಮ ಸಣ್ಣತ್ತೆಗೆ ಗಂಡು ನೋಡೋ ಹೊತ್ತಿಗೆ ಒಂದು ಸ್ಟುಡಿಯೋದಾಗ ಫೋಟೋ ತೆಗೆಸಿದ್ರು. ಆಕೆ ನಮ್ಮೆಲ್ಲರಂಗೆ ಎಣ್ಣೆಗೆಂಪು ಬಣ್ಣದಾಕಿ. ಮೊದಲ ಪ್ರಿಂಟಿನಾಗ ಮುಖ ಕಪ್ಪಿಟ್ಟು, ಹಲ್ಲು, ಮೂಗುಬೊಟ್ಟು ಅಷ್ಟೇ ಕಾಣಿಸ್ತಿದ್ವು. ಮನೆಯವರು ಹೌಹಾರಿ ಮತ್ತೊಂದು ಪ್ರಿಂಟ್ ಹಾಕಿಸಿದ್ರು. ಕಾಗದಕ್ಕೆ ಬೆಳಕು ಕಡಿಮೆ ಕೊಟ್ಟು ತೊಳೆದ್ರೆ ಚಿತ್ರ ತಿಳಿಯಾಗ್ತೈತೆ. ಹಂಗೆ ಮಾಡಿ ಆಕೆಯನ್ನ ಹಾಲಿನಂಗೆ ಬಿಳಿ ಮಾಡಿಕೊಟ್ರು. ಗಂಡಿನ ಕಡೆಯವರು ಬಂದು ನೋಡಿ, "ಫೋಟೋದಾಗ ಕೆಂಪಗಿದ್ಲಲ್ಲ" ಅಂದು ಉಪ್ಪಿಟ್ಟು ತಿಂದು ಹೋದ್ರು. ಸಣ್ಣತ್ತೆ ಈಗ ನಕ್ಕೊಂತ ಹೇಳ್ತಾಳೆ, "ಆ ಫೋಟೋದಾಗಿನಾಕೀನೇ ಕರ್ಕೊಂಡು ಹೋಗ್ಲಿ ಅಂದಿದ್ದೆ" ಅಂತ. ಆಗ ನಕ್ಕಿರಲಿಕ್ಕಿಲ್ಲ.

ಇದು ಬರೀ ಆ ಸ್ಟುಡಿಯೋದ ಕೈಗುಣ ಅಲ್ಲ. ಕಲರ್ ಫಿಲ್ಮ್ ಮಾಡಿದವರು ಯಾರ ಮುಖ ಇಟ್ಕೊಂಡು ಮಾಡಿದ್ರು ಅನ್ನೋದೂ ಇದರಾಗ ಐತೆ. ಬಣ್ಣ ಸರಿ ಬಂತಾ ಅಂತ ಪರೀಕ್ಷೆ ಮಾಡಾಕ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಫೋಟೋ ಕಾರ್ಡ್ ಕಳಿಸ್ತಿತ್ತು. ಅದರಾಗ ಒಬ್ಬ ಬಿಳಿ ಹೆಣ್ಣುಮಗಳು. ಮೊದಲ ರೂಪದರ್ಶಿಯ ಹೆಸರಿನಿಂದ "ಶರ್ಲಿ ಕಾರ್ಡ್" ಅಂತಲೇ ಹೆಸರಾಯ್ತು. ಆಕೆಯ ಮೈಬಣ್ಣ ಸರಿ ಬಂದ್ರೆ ಎಲ್ಲಾ ಸರಿ ಅಂತ ಲೆಕ್ಕ. ನಮ್ಮಂಥ ಬಣ್ಣದವರು, ನಮಗಿಂತ ಕಪ್ಪು ಇದ್ದವರು ಮಸಿಯಾದ್ರೆ ಯಾರೂ ಕೇಳ್ತಿರಲಿಲ್ಲ. ಕಂದು ಬಣ್ಣದ ಬೇರೆ ಬೇರೆ ಛಾಯೆ ಸರಿಯಾಗಿ ಬರಂಗಿಲ್ಲ ಅಂತ ದೂರು ಬಿದ್ದದ್ದು ಚಾಕೊಲೇಟ್ ಮಾರೋರಿಂದ, ಮರದ ಸಾಮಾನು ಮಾರೋರಿಂದ! ಆಮೇಲೆ 1980ರ ದಶಕದಾಗ ಫಿಲ್ಮ್ ಸುಧಾರಿಸಿದ್ದು. ಹಂಗಾಗಿ ನಿಮ್ಮ ಹಳೇ ಫೋಟೋದಾಗ ನೀವು ಕಪ್ಪಗೆ ಬಂದಿದ್ರೆ ಅದು ನಿಮ್ಮ ಬಣ್ಣದ ಸುದ್ದಿ ಅಲ್ಲ. ಈಗಿನ ಕೆಲವು ಫೋನು ಕೇಳದೇನೇ ಮುಖ ತಿದ್ದಿ ಬೆಳ್ಳಗೆ ಮಾಡ್ತಾವೆ, ಮಚ್ಚೆ ಸೈತ ಅಳಿಸ್ತಾವೆ. ಅದೂ ಸಣ್ಣತ್ತೆಯ ಎರಡನೇ ಪ್ರಿಂಟೇ. ಮದುವೆ ಫೋಟೋ ಕಳಿಸೋ ಮನೆಯವರು ಆ ಬ್ಯೂಟಿ ಆಪ್ಷನ್ ತೆಗೆದು ಹೊಡೀರಿ ಅಂತ ನನ್ನ ಮಾತು.

ಡಿಜಿಟಲ್ ಹುಟ್ಟಿದ್ದೂ ಅದೇ ಕೊಡಾಕ್ ಕಂಪನಿಯಾಗ. 1975ರಲ್ಲಿ ಸ್ಟೀವನ್ ಸ್ಯಾಸನ್ ಅನ್ನೋ ಇಂಜಿನಿಯರ್ ಮಾಡಿದ ಕ್ಯಾಮೆರಾದಾಗ ಚುಕ್ಕಿ ಉದ್ದಕ್ಕೆ 100, ಅಡ್ಡಕ್ಕೆ 100, ಅಂದ್ರೆ ಬರೀ 10,000. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಬರೆದುಕೊಳ್ಳಾಕ 23 ಸೆಕೆಂಡ್. ಗ್ರೀನ್‌ಲಾನ ಮೇಣದ ಕಾಗದದ ಮುಂದೆ ಅದು ಏನೇನೂ ಅಲ್ಲ. ಕೊಡಾಕ್‌ನವರು ರೀಲಿನ ವ್ಯಾಪಾರ ಬಿಡಲಾರದೇ ಕುಂತ್ರು, 2012ರ ಜನವರಿಯಾಗ ದಿವಾಳಿ ಅರ್ಜಿ ಹಾಕಿದ್ರು.

ಈಗ ನೇರ ಹೋಲಿಕೆ. ಬೆಳಕು ಜಾಸ್ತಿ ಇದ್ದಾಗ ರೀಲೇ ಗೆಲ್ತಿತ್ತು ಅಂತೀನಿ. ಡಿಜಿಟಲ್‌ನ ಒಂದೊಂದು ಚುಕ್ಕೀನೂ ಒಂದೊಂದು ಲೋಟ ಇದ್ದಂಗೆ. ಬೆಳಕು ತುಂಬಿ ತುಳುಕಿತೋ ಮುಗೀತು, ಆಮೇಲೆ ಎಷ್ಟು ಸುರಿದ್ರೂ ಲೋಟಕ್ಕೆ ಗೊತ್ತಾಗಂಗಿಲ್ಲ, ಅಲ್ಲಿ ಬರೀ ಬಿಳಿ. ರೀಲಿನ ನೆಗೆಟಿವ್ ನಮ್ಮ ಗದ್ದೆ ನೆಲ ನೀರು ಕುಡಿದಂಗೆ: ಮೊದಲು ಗಟಗಟ, ಆಮೇಲೆ ನಿಧಾನ, ಆದ್ರೂ ಇನ್ನಷ್ಟು ಹಿಡೀತೈತೆ. ಹಂಗಾಗಿ ಹಗಲು ಮದುವೆಯಾಗ, ಚಪ್ಪರದ ಸಂದಿಯಿಂದ ಬಿಸಿಲು ಬಿದ್ದಾಗ, ರೀಲಿನಾಗ ಮದುಮಗನ ಬಿಳಿ ಪಂಚೆಯ ನೆರಿಗೆ, ಬಾಸಿಂಗದ ಮಣಿ ಉಳೀತಿದ್ವು. ಡಿಜಿಟಲ್ ಶುರುವಾದ ಹೊಸದ್ರಾಗಿನ ಮದುವೆ ಫೋಟೋ ನೋಡ್ರಿ, ಪಂಚೆ ಒಂದು ಬಿಳಿ ಹಾಳೆ.

ಕತ್ತಲಾಗ ಉಲ್ಟಾ. ರೀಲು ಹಸಿದಿದ್ರೆ ಏನೂ ಕೊಡಂಗಿಲ್ಲ, ನೆರಳೆಲ್ಲ ಮಣ್ಣು. 100 ಅಥವಾ 200 ನಂಬರಿನ ರೀಲು ಹಾಕ್ಕೊಂಡು ದೀಪದ ಬೆಳಕಿನಾಗ ತೆಗೆಯಾಕ ಆಗ್ತಿರಲಿಲ್ಲ, ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶ್ ಹೊಡೆದ್ರೆ ಎದುರಿನ ನಾಲ್ಕು ಮಂದಿ ಬೆಳ್ಳಗೆ, ಹಿಂದೆಲ್ಲ ಬಾವಿ. ಈಗಿನ ಫೋನು ಒಂದೇ ಗಳಿಗೆಯಾಗ ಹಲವು ಫೋಟೋ ಹಿಡಿದು ಒಂದಕ್ಕೊಂದು ಕೂಡಿಸ್ತೈತೆ. ಕಾರ್ತೀಕದಾಗ ದೀಪ ಹಚ್ಚಿದಾಗ ಹಣತೆ, ಹಣತೆ ಹಿಂದೆ ಮಗು ಮುಖ, ಅದರ ಹಿಂದಿನ ಕಂಬ, ಮೂರೂ ಬರ್ತಾವೆ. ರೀಲಿನ ಕಾಲದಾಗ ನಮ್ಮ ಯಾವ ಹಣತೆ ಫೋಟೋನೂ ಬಂದಿಲ್ಲ. ಇದರಾಗ ಸೊಸೆಯಂದಿರಿಗೇ ನನ್ನ ಓಟು.

ಸ್ಪಷ್ಟತೆಯ ಲೆಕ್ಕಕ್ಕೆ ಬಂದ್ರೆ, 35 ಮಿಲಿಮೀಟರ್ ರೀಲಿನಾಗ ಎಷ್ಟು ಮೆಗಾಪಿಕ್ಸೆಲ್ ಐತೆ ಅಂತ ಬಲ್ಲವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ; ಲೆನ್ಸು, ರೀಲಿನ ನಂಬರು, ತೊಳೆದವರ ಕೈ, ಎಲ್ಲದರ ಮೇಲೆ ಐತೆ. ಮನೆ ಲೆಕ್ಕ ಇಷ್ಟೇ. ಆಲ್ಬಮಿನ 4 ಇಂಚಿಗೆ 6 ಇಂಚಿನ ಫೋಟೋಕ್ಕೆ ಇಂಚಿಗೆ 300 ಚುಕ್ಕಿ ಅಂದ್ರೆ 1200ಕ್ಕೆ 1800, ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಅಷ್ಟು ಸಾಕು. ಹಂಗಾಗಿ ಆಲ್ಬಮ್ ಮುಂದಿಟ್ಕೊಂಡು ಮಾಡೋ ಜಗಳಕ್ಕೆ ಅರ್ಥ ಇಲ್ಲ, ಆ ಅಳತೆಯಾಗ ಎರಡೂ ಪಾಸು. ವ್ಯತ್ಯಾಸ ಗೊತ್ತಾಗೋದು ದೊಡ್ಡದು ಮಾಡಿಸೋ ದಿನ.

ಆ ದಿನ ನಮ್ಮ ಮನೆಗೆ ಬಂತು. ಅಜ್ಜ ತೀರಿಕೊಂಡು ಬಹಳ ವರ್ಷ ಆಯ್ತು. ಆತನ ಫೋಟೋ ನಡುಮನೆ ಗ್ವಾಡೆ ಮೇಲೆ ಐತೆ, 12 ಇಂಚಿಗೆ 15 ಇಂಚು, ಸ್ಟುಡಿಯೋದ ಆ ಚೌಕ ನೆಗೆಟಿವಿನಿಂದ ಮಾಡಿಸಿದ್ದು. ಮೀಸೆಯ ಒಂದೊಂದು ಕೂದಲು ಎಣಿಸಬಹುದು. ಅಜ್ಜಿ ಹೋದದ್ದು ಮೊನ್ನೆ ಮೊನ್ನೆ. ಆಕೆಯ ಫೋಟೋ ಇಲ್ಲ ಅಂತೇನಲ್ಲ, ಎಲ್ಲರ ಫೋನಿನಾಗೂ ಅದಾವೆ, ನೂರಾರು. ಹನ್ನೊಂದನೇ ದಿನಕ್ಕೆ ಫೋಟೋ ಕಟ್ಟಿಸಬೇಕು ಅಂತ ಹುಡುಕಾಕ ಕುಂತ್ರೆ, ಆಕೆ ನಕ್ಕ ಫೋಟೋ ಒಂದೇ ಒಂದು, ಅದು ಮೊಮ್ಮಗಳ ಸೀಮಂತದ್ದು. ಅದನ್ನ ಹೊಡೆದಿದ್ದು ನಾದಿನಿಯ ಫೋನಿನಾಗ. ಆ ಫೋನು ಕಾಲುವೆಗೆ ಬಿದ್ದು ವರ್ಷ ಆಗಿತ್ತು. ಉಳಿದಿದ್ದು ಆಕೆ ವಾಟ್ಸಾಪಿನಾಗ ಕಳಿಸಿದ್ದೊಂದೇ.

ವಾಟ್ಸಾಪು ಸುಮ್ಮನೆ ಕಳಿಸಿದ ಫೋಟೋವನ್ನ ಹಿಂಡಿ, ಉದ್ದದ ಕಡೆ ಹೆಚ್ಚುಕಡಿಮೆ 1600 ಚುಕ್ಕಿಗೆ ಇಳಿಸ್ತೈತೆ. ಹೊಡೆದಾಗ 4000ಕ್ಕೆ 3000, ಅಂದ್ರೆ 12 ಮೆಗಾಪಿಕ್ಸೆಲ್ ಇದ್ದದ್ದು ಎರಡರ ಹತ್ರ ಬರ್ತೈತೆ. ಆ ಫೋಟೋದಾಗ ಹದಿನಾಲ್ಕು ಮಂದಿ. ಅಜ್ಜಿಯ ಮುಖಕ್ಕೆ ಸಿಕ್ಕಿದ್ದು ನೂರು, ನೂರಿಪ್ಪತ್ತು ಚುಕ್ಕಿ ಅಗಲ. ಗ್ವಾಡೆ ಫೋಟೋಕ್ಕೆ ಇಂಚಿಗೆ 200 ಅಂತ ಹಿಡಿದ್ರೂ 2400ಕ್ಕೆ 3000 ಚುಕ್ಕಿ ಬೇಕು. ಸ್ಟುಡಿಯೋದ ಹುಡುಗ ಕಂಪ್ಯೂಟರಿನಾಗ ಏನೋ ಮಾಡಿ ಕಣ್ಣು, ಹುಬ್ಬು ಚೊಕ್ಕ ಮಾಡಿದ. ಮುಖ ಸ್ಪಷ್ಟ ಬಂತು, ನುಣುಪಾಗಿ ಬಂತು, ಆದ್ರೆ ಅದು ಅಜ್ಜಿ ಅಲ್ಲ. ನಮ್ಮಪ್ಪ ಒಂದು ಸಲ ನೋಡಿ, "ಇದು ಬ್ಯಾಡ" ಅಂದ್ರು. ಕಡೀಗೆ ಪಾಸ್‌ಪೋರ್ಟ್ ಸೈಜಿನ ಒಂದು ಸ್ಟುಡಿಯೋ ಫೋಟೋ ಸಿಕ್ತು, ಅದೇ ಈಗ ಅಜ್ಜನ ಪಕ್ಕ ಐತೆ. ಅದರಾಗ ಅಜ್ಜಿ ನಕ್ಕಿಲ್ಲ.

ನೋಡ್ರಿ, ಇಲ್ಲಿ ಕ್ಯಾಮೆರಾ ಕೆಟ್ಟದ್ದಲ್ಲ. ನಾದಿನಿಯ ಫೋನಿನ ಮೂಲ ಫೋಟೋ ಇದ್ದಿದ್ರೆ ಗ್ವಾಡೆಗೆ ಅಲ್ಲದಿದ್ರೂ ಒಂದು ಒಳ್ಳೆ ಚೌಕಟ್ಟಿಗೆ ಸಾಲ್ತಿತ್ತು. ರೀಲಿನ ಕಾಲದಾಗ ಪ್ರಿಂಟು ಹಾಳಾದ್ರೂ ನೆಗೆಟಿವ್ ಅನ್ನೋದು ಒಂದು ಇರ್ತಿತ್ತು. ಈಗ ನಮ್ಮ ಹತ್ರ ಇರೋವು ಬಹಳಷ್ಟು ಪ್ರಿಂಟಿನ ಪ್ರಿಂಟಿನ ಪ್ರಿಂಟು.

ಫೋಟೋವೇ ಇಲ್ಲದವರ ಕಥೆ ಬೇರೆ. ನಮ್ಮ ಅಜ್ಜಿಯ ತವರು ನಾರಾಯಣದೇವರ ಕೆರೆ ಕಡೆ. ತುಂಗಭದ್ರಾ ಡ್ಯಾಮಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತು ಆ ಊರು ಮುಳುಗಿತು. ಜನ ಮರಿಯಮ್ಮನಹಳ್ಳಿಗೆ ಬಂದ್ರು. ಆ ನೀರೇ ಕಾಲುವೆಯಾಗಿ ನಮ್ಮ ಕಡೆ ಭತ್ತ ಬೆಳೆಸಿತು, ಅದನ್ನ ಅಲ್ಲಗಳೆಯಾಕ ಆಗಂಗಿಲ್ಲ. ಆದ್ರೆ ಅಜ್ಜಿಗೆ ತನ್ನ ತವರು ಮನೆಯ ಬಾಗಿಲು ತೋರಿಸಾಕ ಒಂದು ಫೋಟೋ ಇರಲಿಲ್ಲ. ಮಬ್ಬೋ ಚೊಕ್ಕವೋ, ಒಂದು ಸೈತ ಇಲ್ಲ. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು, "ಇಲ್ಲಿ ಅಟ್ಟ, ಇಲ್ಲಿ ಹಗೇವು, ಇಲ್ಲಿ ದನ" ಅಂತ ತೋರಿಸ್ತಿದ್ಲು.

ಹಂಪಿ ಬಜಾರಿನ ಮಾತೂ ಅಷ್ಟೇ. ವಿರೂಪಾಕ್ಷ ಗುಡಿ ಮುಂದಿನ ಸಾಲುಮಂಟಪದಾಗ ಜನ ಮನೆ, ಅಂಗಡಿ, ಊಟದ ಹೋಟ್ಲು ಮಾಡ್ಕೊಂಡಿದ್ರು. 2011ರ ಜುಲೈ ಕೊನೆಗೆ ಅವನ್ನೆಲ್ಲ ತೆರವು ಮಾಡಿದ್ರು. ತೆರವು ಆಗಬೇಕಿತ್ತಾ ಬೇಡಾಗಿತ್ತಾ ಅಂತ ಇವತ್ತಿಗೂ ಎರಡು ಮಾತು ಐತೆ, ಅದು ಇಲ್ಲಿ ಬ್ಯಾಡ. ನಮ್ಮ ದೊಡ್ಡಮ್ಮನ ಹತ್ರ ಒಂದು ಕೆಂಪಾದ ಕಲರ್ ಫೋಟೋ ಐತೆ. ಮದುವೆಯಾದ ಹೊಸದ್ರಾಗ ಹಂಪಿಗೆ ಹೋದಾಗ, ಅಲ್ಲಿ ಕ್ಯಾಮೆರಾ ಹಿಡ್ಕೊಂಡು ತಿರುಗೋ ಫೋಟೋದವರ ಹತ್ರ ಹೊಡೆಸಿ, ವಿಳಾಸ ಬರೆದುಕೊಟ್ಟು ಬಂದಿದ್ರು, ಪೋಸ್ಟಿನಾಗ ಬಂತು. ದೊಡ್ಡಪ್ಪನ ಬೆಲ್‌ಬಾಟಮ್ ನೋಡಿ ನಾವು ಎಷ್ಟೋ ಸಲ ನಕ್ಕೀವಿ. ಈಗ ನೋಡಿದ್ರೆ ಅವರ ಹಿಂದೆ ಮಂಟಪದ ಎರಡು ಕಂಬದ ನಡುವೆ ಒಂದು ಬಾಗಿಲು, ಬಾಗಿಲಿಗೆ ತೋರಣ, ಹಗ್ಗದ ಮೇಲೆ ಒಣಗಾಕ ಹಾಕಿದ ಸೀರೆ, ಹೊಸ್ತಿಲ ಮೇಲೆ ಕುಂತು ಏನೋ ಸೋಸ್ತಿರೋ ಒಬ್ಬ ಅಮ್ಮ. ಕಣ್ಣು ಮೂಗು ಕಾಣಂಗಿಲ್ಲ. ಆ ಮನೆ ಅಲ್ಲಿತ್ತು ಅನ್ನೋದು ಕಾಣ್ತೈತೆ.

ನಾನು ಆ ಫೋಟೋದ ನೆಗೆಟಿವ್ ಹುಡುಕೋ ಆಸೆ ಬಿಟ್ಟು ಪ್ರಿಂಟನ್ನೇ ನಕಲು ಮಾಡೀನಿ. ಹೆಂಗೆ ಅಂತ ಕೇಳೋರಿಗೆ: ಪ್ಲಾಸ್ಟಿಕ್ ಹಾಳೆ ಅಂಟಿಸಿದ ಆಲ್ಬಮಿನಿಂದ ಫೋಟೋ ಎಳೆದು ಕೀಳಬೇಡ್ರಿ, ಮುಖ ಹಾಳೆಗೇ ಅಂಟಿ ಬರ್ತೈತೆ, ಪ್ಲಾಸ್ಟಿಕ್ ಅಷ್ಟೇ ಮೆಲ್ಲಗೆ ಎತ್ತಿ ಹಂಗೇ ಹೊಡೀರಿ. ಬಿಸಿಲು ನೇರ ಬೀಳದ ಕಿಟಕಿ ಪಕ್ಕ, ಫೋನು ಮೇಲಿಂದ ಸಮ ಹಿಡಿದು, ಫ್ಲ್ಯಾಶ್ ಇಲ್ಲದೆ. ಕಳಿಸೋವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸ್ರಿ, ಹಿಂಡದೇ ಹೋಗ್ತೈತೆ. ಎಚ್‌ಡಿ ಅಂತ ಒತ್ತಿದ್ರೂ ಸ್ವಲ್ಪ ಮೇಲು. ನೆಗೆಟಿವ್ ಸಿಕ್ರೆ ತುದಿ ಹಿಡಿದು ಎತ್ತಿ, ಬಟ್ಟೆಯಿಂದ ಒರೆಸಬೇಡ್ರಿ, ಗೀರು ಬೀಳ್ತಾವೆ; ಒಣಗಿದ ಜಾಗದಾಗ ಕಾಗದದ ಲಕೋಟೆಗೆ ಹಾಕಿಟ್ಟು ಸ್ಕ್ಯಾನ್ ಮಾಡೋರ ಹತ್ರ ಒಯ್ರಿ. ನಕಲನ್ನ ಒಂದೇ ಫೋನಿನಾಗ ಇಡಬೇಡ್ರಿ, ನಮ್ಮೂರ ಸುತ್ತ ಕಾಲುವೆ ಬಹಳ. ಫೋಟೋದ ಹಿಂದೆ ಯಾರು, ಯಾವ ಊರು ಅಂತ ಮೆತ್ತನೆ ಪೆನ್ಸಿಲಿನಾಗ ಬರೀರಿ.

ಮತ್ತೆ ಒಂದು ಕೇಳಿಕೆ. 2011ಕ್ಕಿಂತ ಮುಂಚೆ ಹಂಪಿ ಬಜಾರಿನಾಗ ತೆಗೆಸ್ಕೊಂಡ ಫೋಟೋ ನಿಮ್ಮ ಟ್ರಂಕಿನಾಗ ಇದ್ರೆ, ನಿಮ್ಮ ಮುಖ ಬಿಟ್ಟು ಹಿಂದೇನೈತೆ ಅಂತ ಒಂದು ಸಲ ನೋಡ್ರಿ. ಆ ತೋರಣದ ಬಾಗಿಲು, ಸೋಸ್ತಾ ಕುಂತ ಅಮ್ಮ ಯಾರ ಫೋಟೋದಾಗಾದ್ರೂ ಇನ್ನೂ ಹತ್ತಿರದಿಂದ ಬಂದಿದ್ರೆ ನನಗೆ ಹೇಳ್ರಿ. ದೊಡ್ಡಮ್ಮ ಆಕೆ ಹತ್ರ ನೀರು ಇಸ್ಕೊಂಡು ಕುಡಿದಿದ್ಲಂತೆ, ಹೆಸರು ಕೇಳಿರಲಿಲ್ಲವಂತೆ.